ಸ್ವೆಟರ್ ಅಕ್ಕ ಅಳಲಿಲ್ಲ

ನರಗುಂದದ ಚಳಿಗೆ ಸ್ವೆಟರ್ ಬೇಕೆನ್ನುವುದೇ ಒಂದು ಶೋಕಿ. ಆದರೂ ಮೊನ್ನೆ ಟ್ರಂಕು ತೆರೆದು ಹಳೆಯ ಕೆಂಪು ಸ್ವೆಟರ್ ಹೊರಗೆ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಸ್ವೆಟರ್ ಅಕ್ಕನೂ ಬಂದಳು...

ಅವಳು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವಳು. ದೀಪಾವಳಿ ಮುಗಿದ ಮೇಲೆ ಗಂಟು ಹೊತ್ತು ಬಂದು, ಸಂಕ್ರಾಂತಿಯವರೆಗೆ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಬಸ್ ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಮಾರುತ್ತಿದ್ದಳು. ಅವಳ ಚಹಾಕ್ಕೆ ಉಪ್ಪು, ಬೆಣ್ಣೆ. "ಇದ ಚಹಾನೋ ಸಾರೋ ಯವ್ವಾ?" ಎಂದು ನಗುತ್ತಲೇ ಅವ್ವ ಬಟ್ಟಲು ಖಾಲಿ ಮಾಡುತ್ತಿದ್ದಳು. ಅವ್ವನ ಶೇಂಗಾ ಚಟ್ನಿಯ ಖಾರಕ್ಕೆ ಅಕ್ಕ ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ರೊಟ್ಟಿ ಕೇಳುತ್ತಿದ್ದಳು. ಅವಳ ಕಣ್ಣಲ್ಲಿ ನಾನು ನೀರು ಕಂಡದ್ದು ಆಗ ಮಾತ್ರ.

ಅವ್ವ ತೀರಿಕೊಂಡದ್ದೂ ಅಂಥದೇ ಒಂದು ಚಳಿಗಾಲದಲ್ಲಿ. ನಮ್ಮ ಕಡೆ ಹೆಣದ ಸುತ್ತ ಕುಳಿತು, ಸತ್ತವರ ಹೆಸರು ಕರೆದು ಕರೆದು, ಗುಣ ಹಾಡಿ ಅಳುತ್ತಾರೆ. ಎಷ್ಟು ಜೋರಾಗಿ ಅತ್ತರೆ ಅಷ್ಟು ಪ್ರೀತಿ. ಅಕ್ಕ ಮಾತ್ರ ಮೂಲೆಯಲ್ಲಿ ಜಪಸರ ತಿರುಗಿಸುತ್ತ ಕೂತಿದ್ದಳು. ನನ್ನ ದನಿ ಏರಿದಾಗ ಹತ್ತಿರ ಬಂದು ಭುಜ ಹಿಡಿದಳು.

"ಅಳಬ್ಯಾಡ. ಹೆಸರು ಕರೀಬ್ಯಾಡ. ನಿಮ್ಮವ್ವ ಹಿಂದಕ್ಕ ಹೊಳ್ಳಿ ಹೊಳ್ಳಿ ನೋಡ್ತಾಳ, ಆಕಿಗೆ ಹೋಗಾಕ ಆಗೂದಿಲ್ಲ."

ಸೋದರತ್ತೆಗೆ ಅದು ಕೇಳಿಸಿತು. "ಇಷ್ಟ ವರ್ಷ ಆಕಿ ಕೈಯಾನ ರೊಟ್ಟಿ ತಿಂದಿ, ಒಂದ್ ಹನಿ ಕಣ್ಣೀರಿಲ್ಲ. ಅಳೋರನ್ನೂ ತಡೀತಿಯಲ್ಲ. ಎದ್ದ ಹೋಗು."

ಅಪ್ಪ ತಲೆ ಎತ್ತಲಿಲ್ಲ. ಮರುದಿನ ಅಕ್ಕನ ಕೋಣೆ ಖಾಲಿಯಾಗಿತ್ತು, ನನ್ನ ಹಾಸಿಗೆಯ ಮೇಲೆ ಈ ಸ್ವೆಟರ್ ಇತ್ತು. ಮುಂದಿನ ಚಳಿಗೆ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ...

ಅದನ್ನೇ ಹಾಕಿಕೊಂಡು ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ಈಗಲೂ ಅದೇ ಕ್ಯಾಂಪಿನವರು ಅಲ್ಲಿ ಅಂಗಡಿ ಹಾಕುತ್ತಾರೆ. ಒಬ್ಬ ಹೆಂಗಸಿನ ಹತ್ತಿರ ಅಕ್ಕನ ಹೆಸರು ಹೇಳಿ ವಿಚಾರಿಸಿದೆ. ಅವಳು ಮೆಲ್ಲಗೆ ನನ್ನ ಕೈ ಮುಟ್ಟಿದಳು.

"ಹೆಸರು ಬ್ಯಾಡ್ರಿ. ನಮ್ಮ ಅತ್ತಿ ಅವ್ರು. ಜೀವ ಹೋಗಿ ಇನ್ನೂ ತಿಂಗಳಾಗಿಲ್ಲ."

ಹೇಗೋ ಮನೆಗೆ ಬಂದೆ. ಅವತ್ತು ನಾವು ಅಷ್ಟು ಅತ್ತರೂ ಅವ್ವ ಹೋದಳೋ, ಇನ್ನೂ ಹೊಳ್ಳಿ ನೋಡುತ್ತ ನಿಂತಿದ್ದಾಳೋ ಎಂಬ ಹೆದರಿಕೆ ನನಗೆ ಇಂದಿಗೂ ಇದೆ. ಅವಳಿಗಾಗಿ ಇಡೀ ಓಣಿ ಅತ್ತಿತ್ತು. ಅಕ್ಕನಿಗಾಗಿ ಈ ಊರಲ್ಲಿ ಅಳುವವಳು ನಾನೊಬ್ಬಳೇ. ನಾನೂ ಅಳುವಂತಿಲ್ಲ. ಸ್ವೆಟರಿನ ತೋಳನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೇನೆ.