ನೀವು ಯಾವ ಕಡೆಯವರು?

ಮದುವೆಗಳಲ್ಲಿ ಹಾಡುವುದು ನನ್ನ ಕಸುಬು. ನಿಪ್ಪಾಣಿಯಲ್ಲಿ ಬಸ್ಸು ಹತ್ತಿದರೆ ಮೊಬೈಲಿನಲ್ಲಿ ನಾನು ನೋಡುವುದು ಒಬ್ಬ ಗಾಯಕಿಯನ್ನೇ. ಫ್ರಾನ್ಸಿನಲ್ಲಿ ಹುಟ್ಟಿ, ಪರದೇಶ ಸೇರಿ, ಫ್ರೆಂಚಿನ ಜೊತೆಗೆ ಅಲ್ಲಿಯ ಭಾಷೆಯಲ್ಲೂ ಪಾಪ್ ಹಾಡಿ, ಸಿನಿಮಾದಲ್ಲೂ ನಟಿಸಿ ಹೆಸರಾದವಳು. ಇಷ್ಟಾದರೂ ಸಂದರ್ಶನಕ್ಕೆ ಬಂದವರು ‘ನೀವು ನಿಜವಾಗಿ ಯಾವ ದೇಶದವರು?’ ಎಂದೇ ಕೇಳುತ್ತಾರೆ. ಅವಳು ನಗುತ್ತಾಳೆ. ನಾನು ಸೀಟಿನಲ್ಲಿ ಕೂರಲಾರದೆ ಚಡಪಡಿಸುತ್ತೇನೆ.

ಗಡಿಯೂರು ಏಕಸಂಬಿಯ ಮದುವೆಯಲ್ಲಿ ಹೆಣ್ಣಿನ ಕಡೆಯವರು ‘ಕನ್ನಡದಾಗ ಹಾಡ್ರಿ’ ಎಂದರು. ಗಂಡಿನ ಕಡೆಯವರಿಗೆ ಮರಾಠಿಯೇ ಬೇಕಿತ್ತು. ಜಗಳ ಹತ್ತಿತು. ನಾನು ಸಿಟ್ಟಿಗೆದ್ದು, ಅರ್ಥ ಗೊತ್ತಿಲ್ಲದಿದ್ದರೂ ಅವಳ ಫ್ರೆಂಚ್ ಹಾಡೊಂದನ್ನು ಹಾಡಿಬಿಟ್ಟೆ. ಜಗಳ ಬಿಟ್ಟು ಎರಡೂ ಕಡೆಯವರು ಎದ್ದು ಕುಣಿದರು.

ವೇದಿಕೆ ಇಳಿದಾಗ ಹಿರಿಯರೊಬ್ಬರು ಚಹಾ ಕೊಟ್ಟು ಕೇಳಿದರು: ‘ಅಕ್ಕಾರ, ಭಾಳ ಚಲೋ ಹಾಡಿದ್ರಿ ಬಿಡ್ರಿ. ಮತ್ತ ನೀವು ಯಾವ ಕಡ್ಯಾವ್ರು?’