ಒಳಗೆ ಬಿಟ್ಟ ಎರಡಿಂಚು

ನಾನು ಹೊಲಿದ ಬಟ್ಟೆ ಟೀವಿಯಲ್ಲಿ ಬಂದದ್ದು ಒಂದೇ ಸಲ. ಅದೂ ಕೊರಿಯಾದ ಟೀವಿಯಲ್ಲಿ, ಹಾಡಿ ಕುಣಿಯುವ ಐದು ಹುಡುಗಿಯರಲ್ಲಿ ಎಡತುದಿಗೆ ನಿಂತವಳ ಮೈಮೇಲೆ. ಅದನ್ನು ನೋಡಿ ಹಿಗ್ಗಿದ್ದು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಅಮೆರಿಕದಲ್ಲಿ, ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್ ಊರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನಾನು ಆಲ್ಟರೇಷನ್ ಕೆಲಸಕ್ಕೆ ಸೇರಿದ್ದೆ. ಶಿಕಾಗೋ ರೈಲು ಹಿಡಿಯುವ ಗಂಡಸರ ಪ್ಯಾಂಟಿನ ಕಾಲು ಮಡಿಸಿ ಹೊಲಿಯುವುದು, ಕೋಟಿನ ಗುಂಡಿ ಹಾಕುವುದು, ಇಷ್ಟೇ. ನನ್ನ ಅಬ್ಬಾ ತುಮಕೂರಿನಲ್ಲಿ ಟೈಲರ್. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಹೊಲಿಗೆ ಕಲಿತದ್ದು ಅಂಗಡಿಯಲ್ಲಾದ್ದರಿಂದ ಮಿಷನ್ ಮುಂದೆ ಕೂತರೆ ಈಗಲೂ ನನ್ನ ಬಾಯಿಗೆ ಬರುವುದು ಕನ್ನಡವೇ. ದಾರ ತುಂಡಾದರೆ ಬೈಯುವುದೂ ಕನ್ನಡದಲ್ಲೇ.

ಅಂಗಡಿಯ ಒಡತಿ ಕೊರಿಯಾದವರು. ಗಂಡ ತೀರಿಕೊಂಡಿದ್ದರು, ಇದ್ದವಳು ಒಬ್ಬಳೇ ಮಗಳು. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಅರ್ಥ ಹೇಳಿದ ಮೇಲೆ ಅವರು ಅದಕ್ಕೇ ಓಗೊಡುತ್ತಿದ್ದರು. ನಮ್ಮಿಬ್ಬರದೂ ಹರಕುಮುರುಕು ಇಂಗ್ಲಿಷು, ಆದರೂ ಮಾತಿಗೇನೂ ಬರಗಾಲವಿರಲಿಲ್ಲ. ಅವರ ಭಾಷೆಯಲ್ಲೂ ಎದುರಾದವರನ್ನು ಮೊದಲು ಕೇಳುವುದು ಊಟ ಆಯಿತೇ ಎಂದೇ ಅಂತೆ. ಮಗಳಿಗೆ ಆಗ ಹದಿನಾಲ್ಕು, ನನ್ನ ಮಗಳ ಓರಗೆಯವಳು. ಸ್ಕೂಲು ಮುಗಿಸಿ ನೇರ ಅಂಗಡಿಗೆ ಬರುವಳು. ನನ್ನ ಮಿಷನ್ನಿನ ಪಕ್ಕ ನಿಂತು "ಊಟ ಆಯ್ತಾ ಆಂಟಿ?" ಎಂದು ಕೇಳುವಳು. ಆ ಎರಡು ಪದ ನನ್ನಿಂದಲೇ ಕಲಿತದ್ದು. ಆಮೇಲೆ ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ಕನ್ನಡಿಯ ಮುಂದೆ ಕುಣಿತ ಶುರು. ಕೊರಿಯಾ ದಿನಸಿ ಅಂಗಡಿಯಲ್ಲಿ ಅಲ್ಲಿನ ಟೀವಿ ಕಾರ್ಯಕ್ರಮಗಳ ಕ್ಯಾಸೆಟ್ಟು ಬಾಡಿಗೆಗೆ ಸಿಗುತ್ತಿತ್ತು. ಅದನ್ನು ನೋಡಿ ನೋಡಿ ಹೆಜ್ಜೆ ಕಲಿತಿದ್ದಳು.

ಒಂದು ದಿನ ಕೊರಿಯಾದ ರಾಜಧಾನಿ ಸೋಲ್‌ನಿಂದ ಯಾವುದೋ ಕಂಪನಿಯವರು ಹುಡುಗಿಯರನ್ನು ಆರಿಸಲು ಶಿಕಾಗೋಗೆ ಬರುತ್ತಾರೆಂದು ಸುದ್ದಿ ಬಂತು. ಆರಿಸಿದವರನ್ನು ಸೋಲ್‌ನಲ್ಲೇ ಇಟ್ಟುಕೊಂಡು ವರ್ಷಗಟ್ಟಲೆ ಹಾಡು, ಕುಣಿತ ಕಲಿಸಿ, ಒಂದು ಗುಂಪು ಕಟ್ಟಿ ಟೀವಿಗೆ ತರುತ್ತಾರಂತೆ. ಅಕ್ಕನಿಗೆ ಸುತರಾಂ ಇಷ್ಟವಿರಲಿಲ್ಲ. ಹುಡುಗಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಅಕ್ಕ ನನ್ನನ್ನು ಕೇಳಿದರು, "ನಿನಗೂ ಮಗಳಿದ್ದಾಳಲ್ಲ, ನೀನಾಗಿದ್ದರೆ ಏನು ಮಾಡುತ್ತಿದ್ದೆ?"

"ಕಳಿಸಿ ಅಕ್ಕ" ಎಂದುಬಿಟ್ಟೆ. "ನನ್ನನ್ನು ಹದಿನಾಲ್ಕಕ್ಕೆ ಸ್ಕೂಲಿನ ನಾಟಕ ಬಿಡಿಸಿ ಮಿಷನ್ ಮುಂದೆ ಕೂರಿಸಿದರು. ಆ ಸಿಟ್ಟು ಇನ್ನೂ ಹೋಗಿಲ್ಲ."

ಅದು ನಿಜವಾದ ಮಾತು. ಆದರೆ ನನ್ನ ಸಿಟ್ಟಿಗೂ ಅವರ ಮಗಳಿಗೂ ಏನು ಸಂಬಂಧ?

ಆಯ್ಕೆಯ ದಿನಕ್ಕೆಂದು ನಾನೇ ಒಂದು ಕೆಂಪು ಜಾಕೆಟ್ ಹೊಲಿದೆ. ಗಿಡ್ಡ ತೋಳು, ಸೊಂಟದವರೆಗೆ ಬರುವಂಥದ್ದು, ಒಳಗೆ ಲೈನಿಂಗ್ ಇಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ಅಬ್ಬಾ ಪಕ್ಕದ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡದೆ ಹೊಲಿದದ್ದೇ ಇಲ್ಲ. ಇವತ್ತಿನ ಮೈ ನಾಳೆಗೆ ಇರೋದಿಲ್ಲ ಎನ್ನುತ್ತಿದ್ದರು. ನಾನೂ ಬಿಟ್ಟೆ. ಜಾಕೆಟ್ಟನ್ನು ಮಗುಚಿ ತೋರಿಸಿ ಹುಡುಗಿಗೆ ಹೇಳಿದೆ, "ಚೆನ್ನಾಗಿ ತಿನ್ನು. ಬಿಗಿಯಾದರೆ ಯಾವ ಟೈಲರಿಗಾದರೂ ಕೊಡು, ಈ ಹೊಲಿಗೆ ಬಿಚ್ಚಿದರೆ ಸಾಕು."

ಆಯ್ಕೆಯಾದಳು. ಜಾಕೆಟ್ಟು ಹಾಕಿಕೊಂಡೇ ವಿಮಾನ ಹತ್ತಿದಳು.

ಅಲ್ಲಿ ಹನ್ನೊಂದು ಹುಡುಗಿಯರನ್ನು ಒಂದೇ ಮನೆಯಲ್ಲಿ ಇಟ್ಟಿದ್ದರು. ಅವರಲ್ಲಿ ಐವರಿಗೆ ಮಾತ್ರ ಗುಂಪಿನಲ್ಲಿ ಜಾಗ. ಭಾನುವಾರ ಅಕ್ಕ ಕಾಲಿಂಗ್ ಕಾರ್ಡ್ ಹಾಕಿ ಫೋನ್ ಮಾಡುವಾಗ ಕೊನೆಗೆ ಎರಡು ನಿಮಿಷ ನನಗೂ ಕೊಡುತ್ತಿದ್ದರು. ದಿನವಿಡೀ ಕುಣಿತವಂತೆ, ಅಮೆರಿಕದ ಉಚ್ಚಾರಣೆ ತಿದ್ದಲು ಬೇರೆ ಮೇಷ್ಟರಂತೆ, ಪ್ರತಿ ಸೋಮವಾರ ತೂಕ ನೋಡುತ್ತಾರಂತೆ.

"ತೂಕ ಯಾಕೆ, ಕುರಿ ಮಾರ್ತಾರಾ?" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. "ಊಟ ಆಯ್ತಾ?" ಎಂದರೆ ಪ್ರತಿ ಸಲವೂ "ಆಯ್ತು ಆಂಟಿ" ಎನ್ನುವಳು. ಪುಣ್ಯಕ್ಕೆ ನಾನು ಕಲಿಸಿದ ಕನ್ನಡ ಮರೆತಿಲ್ಲ ಎಂದು ಸಂತೋಷಪಟ್ಟೆ.

ಹೀಗೆ ಮೂರು ವರ್ಷ. ಆ ಮೂರು ವರ್ಷದಲ್ಲಿ ನನ್ನ ಮಗಳ ಬಟ್ಟೆಗಳನ್ನು ವರ್ಷಕ್ಕೊಂದು ಸಲ ಬಿಚ್ಚಿ ಸಡಿಲ ಮಾಡಿದ್ದೆ. ಎರಡಿಂಚೂ ಮುಗಿದು, ಕೊನೆಗೆ ಹಳೆಯವನ್ನೆಲ್ಲ ಮಸೀದಿಯ ಹಳೇಬಟ್ಟೆ ಡಬ್ಬಕ್ಕೆ ಹಾಕಿದ್ದಾಯಿತು.

ಐವರಲ್ಲಿ ಒಬ್ಬಳಾದಳು. ಗುಂಪಿನ ಮೊದಲ ಹಾಡು ಬಂತು. ಆ ಕ್ಯಾಸೆಟ್ಟು ನಮ್ಮ ಕಡೆಯ ಅಂಗಡಿಗೆ ಬರಲು ಎರಡು ವಾರ ಹಿಡಿಯಿತು. ಕೌಂಟರಿನ ಹಿಂದಿನ ಪುಟ್ಟ ಟೀವಿಯ ಮುಂದೆ ಅಕ್ಕ, ನಾನು, ನನ್ನ ಮಗಳು ನಿಂತೇ ನೋಡಿದೆವು. ಅವಳ ಪಾಲಿಗೆ ಬಂದದ್ದು ಒಂದೇ ಸಾಲು. ಅದನ್ನು ಹಾಡಲು ಮುಂದೆ ಬಂದಾಗ ಮೈಮೇಲೆ ಕೆಂಪು ಜಾಕೆಟ್!

"ನಂದು! ನಂದು ಅದು!" ಎಂದು ಕೂಗಿದೆ. ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದರೆ ಕೈಬಿಡುತ್ತಿದ್ದೆ.

"ಅಮ್ಮೀ, ಶೀ ಈಸ್ ಸೋ ಸ್ಕಿನ್ನಿ" ಎಂದಳು ಮಗಳು.

"ಸುಮ್ನಿರೇ, ದೃಷ್ಟಿ ಹಾಕ್ಬೇಡ" ಎಂದು ಗದರಿದೆ.

ಅಕ್ಕ ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಕೆನ್ನೆ ಇಲ್ಲ. ನಾನು ಒಂದು ವಾರ ಅಂಗಡಿ ಮುಚ್ಚಿ ಹೋಗಿ ಬರುತ್ತೇನೆ."

ಅಂದು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರು ಹೋಗುತ್ತಿದ್ದರು. "ಅಕ್ಕ, ಜಾಕೆಟ್ ನೋಡಿ" ಎಂದೆ. "ನಾನೇ ಕತ್ತರಿಸಿದ್ದು. ಸೊರಗಿದ್ದರೆ ಜೋಲುತ್ತಿತ್ತು. ಹೇಗೆ ಕೂತಿದೆ ನೋಡಿ, ನಿನ್ನೆ ಅಳತೆ ತೆಗೆದ ಹಾಗಿದೆ. ಟೀವಿ ಲೈಟಿಗೆ ಮುಖ ಹಾಗೆ ಕಾಣುತ್ತೆ ಅಷ್ಟೇ." ಅಕ್ಕನಿಗೆ ನನ್ನ ಕೈಯ ಮೇಲೆ ನಂಬಿಕೆ. ಟಿಕೆಟ್ ತೆಗೆಸಲಿಲ್ಲ.

ಆ ಭಾನುವಾರ ಪಕ್ಕದ ಊರು ಓಕ್ ಬ್ರೂಕ್‌ನಲ್ಲಿ ಕನ್ನಡದವರ ಮನೆಯಲ್ಲಿ ಊಟವಿತ್ತು. "ನಾನು ಹೊಲಿದ ಜಾಕೆಟ್ ಟೀವೀಲಿ ಬಂತು ಕಣ್ರೀ, ಮೂರು ವರ್ಷ ಆದ್ರೂ ಫಿಟಿಂಗ್ ಒಂಚೂರೂ ಆಚೀಚೆ ಆಗಿಲ್ಲ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. "ಹೌದೇನ್ರೀ! ಯಾವ ಚಾನೆಲ್ಲು?" ಎಂದು ಮೈಸೂರಿನ ಆಂಟಿಯೊಬ್ಬರು ಬಾಯಿ ಬಿಟ್ಟರು. ಹದಿನಾಲ್ಕರ ಹುಡುಗಿಗೆ ಹೊಲಿದದ್ದು ಹದಿನೇಳಕ್ಕೆ ಹೇಗೆ ಸರಿಹೋಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಅವರು ಯಾಕೆ ಕೇಳಬೇಕು? ಅವರೇನು ಟೈಲರನ ಮಕ್ಕಳೇ? ಕೇಳಬೇಕಾದವಳು ನಾನು.

ಎರಡನೇ ಹಾಡಿನ ಕ್ಯಾಸೆಟ್ಟು ಬರುವ ಹೊತ್ತಿಗೆ ಎಡತುದಿಯಲ್ಲಿ ಬೇರೊಬ್ಬಳು ನಿಂತಿದ್ದಳು. ಇವಳು ಕುಣಿತ ಕಲಿಯುವ ಕೋಣೆಯಲ್ಲಿ ಬಿದ್ದು ಆಸ್ಪತ್ರೆ ಸೇರಿದ್ದಳು. ಏನೂ ಇಲ್ಲ, ಸುಸ್ತು ಎಂದು ಕಂಪನಿಯವರು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದರು. ಜನವರಿಯಲ್ಲಿ ವಾಪಸ್ಸು ಕಳಿಸಿದರು. ಅಕ್ಕ ಒಬ್ಬರೇ ಡ್ರೈವ್ ಮಾಡಿಕೊಂಡು ಏರ್‌ಪೋರ್ಟಿಗೆ ಹೋಗಿ ಕರೆತಂದರು.

ಒಂದು ವಾರದ ಮೇಲೆ ಹುಡುಗಿ ಅಂಗಡಿಗೆ ಬಂದಳು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್. ದಪ್ಪ ಕೋಟಿನೊಳಗೆ ಅವಳು ಎಲ್ಲಿದ್ದಾಳೆಂದು ಹುಡುಕಬೇಕಿತ್ತು. "ಊಟ ಆಯ್ತಾ ಆಂಟಿ?" ಎಂದಳು. ಕಾಗದದ ಚೀಲದಿಂದ ಕೆಂಪು ಜಾಕೆಟ್ ತೆಗೆದು ನನ್ನ ಮುಂದಿಟ್ಟು, ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಅಕ್ಕ ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದರು.

ಜಾಕೆಟ್ಟನ್ನು ಮಗುಚಿದೆ. ನಾನು ಬಿಟ್ಟಿದ್ದ ಎರಡಿಂಚನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಕೆಂಪು ದಾರದ ಹೊಲಿಗೆ ಹಾಗೇ ಇತ್ತು. ಅದರಿಂದ ಅರ್ಧ ಇಂಚು ಮೈ ಕಡೆಗೆ ಕಪ್ಪು ದಾರದ ಹೊಲಿಗೆ. ಅದಕ್ಕಿಂತ ಮೈಗೆ ಹತ್ತಿರ ಬಿಳಿಯದು. ಅದಕ್ಕಿಂತಲೂ ಹತ್ತಿರ ನೀಲಿ, ಅದನ್ನು ಮಾತ್ರ ಹೊಲಿಗೆ ಬಾರದ ಯಾರೋ ಕೈಯಲ್ಲಿ ಹಾಕಿದ್ದರು. ಹೀಗೆ ಮೂರು ಸಲ ಬಿಗಿ ಮಾಡಿದ್ದನ್ನು ಹಾಕಿಕೊಂಡು ನಿಂತವಳನ್ನು ತೋರಿಸಿಯೇ ಜೋಲುತ್ತಿಲ್ಲ ನೋಡಿ ಎಂದವಳು ನಾನು.

"ಈ ಹೊಲಿಗೆಗಳನ್ನು ಬಿಚ್ಚಿಬಿಡಿ ಆಂಟಿ" ಎಂದಳು ಇಂಗ್ಲಿಷಿನಲ್ಲಿ, ದನಿ ತಗ್ಗಿಸಿ. "ಅಮ್ಮ ನೋಡುವ ಮುಂಚೆ. ಪ್ಲೀಸ್."

ಐದು ನಿಮಿಷದ ಕೆಲಸ. ಬ್ಲೇಡು ಕೈಯಲ್ಲೇ ಇತ್ತು. ಬಿಚ್ಚಿದ್ದರೆ ಅವಳ ಗುಟ್ಟಿನ ಜೊತೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಬಿಚ್ಚಿಬಿಡೋಣ ಎಂದು ನನಗೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಹೊಲಿಗೆಯ ಮೊದಲ ಟಾಕಿಗೆ ಬ್ಲೇಡು ಇಟ್ಟೂ ಇದ್ದೆ.

"ಅಕ್ಕ," ಎಂದು ಕರೆದೆ. "ಒಂದು ನಿಮಿಷ ಬನ್ನಿ ಇಲ್ಲಿ."

ಹುಡುಗಿ ನನ್ನ ತೋಳು ಹಿಡಿದುಕೊಂಡಳು. ಅಕ್ಕ ಕೈ ಒರೆಸಿಕೊಂಡು ಬಂದರು. ಅವರೂ ಬಟ್ಟೆಯ ಕಸುಬಿನವರು, ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಹೆಬ್ಬೆರಳನ್ನು ಕಪ್ಪಿನ ಮೇಲಿಟ್ಟರು, ಬಿಳಿಯದರ ಮೇಲಿಟ್ಟರು, ನೀಲಿಯ ಮೇಲಿಟ್ಟು ಅಲ್ಲೇ ನಿಲ್ಲಿಸಿದರು.

"ಟೀವಿಯಲ್ಲಿ ಹಾಕಿಕೊಂಡಿದ್ದು ಇದೇನಾ?"

"ಇದೇ ಅಕ್ಕ."

"ಸರಿಯಾಗಿ ಕೂತಿದೆ ಅಂದೆ ನೀನು."

"ಅಂದೆ ಅಕ್ಕ."

ಅವರು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡರು. ಸ್ಟೂಲು ಎಳೆದುಕೊಂಡು ಕೂತು, ಮೂರೂ ಹೊಲಿಗೆಗಳನ್ನು ಒಂದೊಂದೇ ಟಾಕು ಬಿಚ್ಚಿದರು. ನಾನು ಬಿಚ್ಚುತ್ತೇನೆ ಕೊಡಿ ಎಂದು ಎರಡು ಸಲ ಕೇಳಿದೆ. ಕೊಡಲಿಲ್ಲ.