ಶುದ್ಧ ಕನ್ನಡದ ಯಂತ್ರ

ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ರೇಡಿಯೋ ನಾಟಕ ಬರೆದೆ. ಹೊರಗೆ ಹೇಳಿಕೊಂಡ ಕಾರಣ ಸಾಹಿತ್ಯ ಸೇವೆ. ನಿಜವಾದ ಕಾರಣ ಮಾನ್ವಿಯಲ್ಲಿದ್ದ ನನ್ನ ಅವ್ವ.

ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವನು. ಅಲ್ಲಿನ ಸದ್ದನ್ನು ಮೀರಿಸಿ ಮಾತಾಡಿ ರೂಢಿಯಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಅಂಥವನು ಒಂದು ಮಧ್ಯಾಹ್ನ ಕುಳಿತಲ್ಲೇ, ಯಾರಿಗೂ ಒಂದು ಮಾತು ಹೇಳದೆ ಹೋಗಿಬಿಟ್ಟ. ಆಮೇಲೆ ಅವ್ವನ ಕನಸಿಗೆ ಬರತೊಡಗಿದ. “ಬಾಗಲದಾಗ ಬಂದು ನಿಂದರ್ತಾನ. ಹಂಗ ನೋಡ್ತಾನ, ಹೋಗ್ತಾನ” ಎನ್ನುತ್ತಿದ್ದಳು. ಅವ್ವನ ಊಟ ಅರ್ಧ ರೊಟ್ಟಿಗೆ ಇಳಿಯಿತು. ರಾಯಚೂರಿನ ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಏನೂ ಇಲ್ಲದೆಯೇ ಅವ್ವ ಕರಗುತ್ತಿದ್ದಳು. ಅಪ್ಪನ ಹಿಂದೆಯೇ ಈಕೆಯೂ ಹೊರಟಾಳೆಂದು ನನಗೆ ಹೆದರಿಕೆಯಾಗಿತ್ತು.

ಕನಸೆಂದರೆ ನಮ್ಮ ಮನಸ್ಸಿನದೇ ಆಟ ಎಂದು ಎಷ್ಟು ಹೇಳಿದರೂ ನನ್ನ ಮಾತಿಗೆ ಆಕೆಯಲ್ಲಿ ಕಿಮ್ಮತ್ತಿರಲಿಲ್ಲ. ರೇಡಿಯೋ ಹೇಳಿದ್ದನ್ನು ಮಾತ್ರ ಮರುಮಾತಿಲ್ಲದೆ ನಂಬುತ್ತಿದ್ದಳು. ಅದು ಮಳೆ ಎಂದರೆ ಸುಡು ಬಿಸಿಲಲ್ಲೂ ಒಣಗಲು ಹಾಕಿದ ಸಗಣಿ ಕುಳ್ಳು ಒಳಗಿಡುತ್ತಿದ್ದಳು. ಹಾಗಾದರೆ ರೇಡಿಯೋದಿಂದಲೇ ಹೇಳಿಸೋಣ ಎಂದುಕೊಂಡೆ.

ಕಥೆ ಇಷ್ಟು. ಮುಂದಿನ ಶತಮಾನದ ಒಬ್ಬ ನಾಟಕಕಾರ. ಅವನು ನಾಟಕಗಳಲ್ಲಿ ಕೊಂದುಹಾಕಿದ ಪಾತ್ರಗಳೆಲ್ಲ ಕನಸಿಗೆ ಬಂದು ಕಾಡುತ್ತವೆ. ವಿಜ್ಞಾನಿಯೊಬ್ಬ ಅವನ ಹಣೆಗೆ ಮಷೀನು ಕಟ್ಟಿ ಕನಸುಗಳನ್ನು ಟೇಪಿಗೆ ಇಳಿಸುತ್ತಾನೆ. ಟೇಪು ಹಾಕಿದರೆ ಸತ್ತವರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಕೊನೆಗೆ ನೋಡಿದರೆ ಎಲ್ಲವೂ ನಾಟಕಕಾರನದೇ ದನಿ. ಬರೆದು ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ರೇಡಿಯೋ ನಿಲಯದ ಅಧಿಕಾರಿ ಮೈಸೂರು ಕಡೆಯವರು. “ಮಷೀನು ಅಂತೆಲ್ಲ ಬರೀಬೇಡಿ ಮೇಷ್ಟ್ರೇ, ರೇಡಿಯೋಗೆ ಶುದ್ಧ ಕನ್ನಡ ಬೇಕು” ಎಂದು ಮಷೀನು ಇದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಯಂತ್ರ’ ಎಂದು ತಿದ್ದಿದರು. ನಾಟಕ ಪ್ರಸಾರವಾಗುವ ಖುಷಿಯಲ್ಲಿ ನಾನು ತಲೆಯಾಡಿಸಿದೆ. ನಮ್ಮ ಕಡೆ ಬಟ್ಟೆ ಹೊಲಿಯುವುದೂ ಮಷೀನು, ಹಿಟ್ಟು ಬೀಸುವುದೂ ಮಷೀನು. ಯಂತ್ರವೆಂದರೆ ಮಂತ್ರ ಬರೆದ ಚೀಟಿಯನ್ನು ತಾಮ್ರದ ತಗಡಿನಲ್ಲಿ ಸುತ್ತಿ ತೋಳಿಗೆ ಕಟ್ಟುವುದು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮೆಟ್ರಿಕ್ ಮುಗಿಯುವವರೆಗೆ ನನ್ನ ತೋಳಿಗೇ ಒಂದಿತ್ತು. ಮರೆತಿದ್ದೆ.

ಪ್ರಸಾರವಾದ ಶನಿವಾರ ಸಂಜೆ ಓಣಿಯವರೆಲ್ಲ ಮಾನ್ವಿಯ ನಮ್ಮ ಮನೆಯಲ್ಲಿ ಸೇರಿದರು. “ಈ ಯಂತ್ರ ಕಟ್ಟಿದರೆ ನಿಮ್ಮ ಕನಸಿನವರೆಲ್ಲ ಮಾತಾಡುತ್ತಾರೆ” ಎಂದು ವಿಜ್ಞಾನಿ ಗಂಭೀರವಾಗಿ ನುಡಿದ. ಜನ ಕೈ ಮುಗಿಯುವುದೊಂದು ಬಾಕಿ. ಯಾವ ಊರಿನ ಯಂತ್ರ ಗಟ್ಟಿ ಎಂಬ ಚರ್ಚೆ ಶುರುವಾಗಿ, ಎಲ್ಲವೂ ನಾಟಕಕಾರನದೇ ದನಿ ಎಂಬ ಮುಖ್ಯ ಮಾತು ಯಾರಿಗೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದೂರು ನೀರಮಾನ್ವಿಯ ರೈತನೊಬ್ಬ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ. “ಮಾಸ್ತರ್ರೀ, ನನ್ನ ಹೇಣ್ತಿ ನಿದ್ದ್ಯಾಗ ಚೀರ್ತಾಳ್ರೀ. ಒಂದು ಯಂತ್ರ ಬರದು ಕೊಡ್ರಿ” ಎಂದ. ಅವನಿಗೆ ವಿದ್ಯುತ್ತು, ವೈರು, ಟೇಪು ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಹೂಂ ರೀ. ಎಡಗೈಗೋ, ಬಲಗೈಗೋ?” ಎಂದ.

ಅವನನ್ನು ಹೇಗೋ ಸಾಗಹಾಕಿ ಒಳಗೆ ಬಂದರೆ ಅವ್ವನೂ ತೋಳು ಚಾಚಿ ಕುಳಿತಿದ್ದಳು. ನನಗೆ ಪಿತ್ತ ನೆತ್ತಿಗೇರಿತು.

“ಯವ್ವಾ, ನಿನ್ನ ಸಲುವಾಗೇ ಬರದೀನಿ. ಅಪ್ಪ ಬರೂದು ಖರೇ ಅಲ್ಲ. ಅದನ್ನ ಬಿಡಿಸಾಕ ಬರದೀನಿ.”

“ಬಿಡಸಂತ ನಾ ಯಾವಾಗ ಅಂದೀನಲೇ?” ಅವ್ವ ಗದರಿಸಿದಳು. “ಬರ್ಲಿ. ದಿನಾ ಬರ್ಲಿ. ಬಂದು ಸುಮ್ಮನ ನಿಂದರ್ತಾನಲ್ಲ, ಅದಕ್ಕ ನನಗ ತುತ್ತು ಇಳಿಯಂಗಿಲ್ಲ. ನಿನ್ನ ನಾಟಕದಾಗ ಯಂತ್ರ ಕಟ್ಟಿದ ಮ್ಯಾಲ ಸತ್ತವ್ರೆಲ್ಲ ಮಾತಾಡಿದ್ರು. ನಿಮ್ಮಪ್ಪನೂ ಮಾತಾಡ್ಲಿ.”

ಇಷ್ಟು ದಿನ ಆಕೆ ಹೆದರಿದ್ದಾಳೆಂದು ತಿಳಿದಿದ್ದೆ. ನನ್ನ ಬುದ್ಧಿಗೆ ನನಗೇ ನಾಚಿಕೆಯಾಯಿತು.

ಮುಂದಿನ ಶನಿವಾರ ಶಾಲೆಯ ಪ್ರಯೋಗಾಲಯದಿಂದ ಒಂದು ಚೂರು ತಾಮ್ರದ ತಗಡು ತೆಗೆದುಕೊಂಡು ಬಂದೆ. ಒಳಗಿನ ಚೀಟಿಯಲ್ಲಿ ಏನು ಬರೆಯುವುದು? ಸತ್ತ ಪಾತ್ರಗಳಿಗೆ ಪುಟಗಟ್ಟಲೆ ಮಾತು ಕೊಟ್ಟವನಿಗೆ ಅಪ್ಪನ ಒಂದು ಮಾತೂ ಹೊಳೆಯಲಿಲ್ಲ. ಖಾಲಿ ಚೀಟಿಯನ್ನೇ ಸುತ್ತಿ ಕೊಟ್ಟೆ. ಓದು ಬಾರದ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಕಟ್ಟಿಸಿಕೊಂಡಳು.

ಅದರ ಮರುವಾರ ಬಂದಾಗ ರೊಟ್ಟಿ ಬಡಿಯುವ ಸದ್ದು ಓಣಿಗೇ ಕೇಳುತ್ತಿತ್ತು. ನನಗೆ ಬಡಿಸಿ ತಾನೂ ತಾಟು ಇಟ್ಟುಕೊಂಡು ಕುಳಿತಳು.

“ಮಾತಾಡಿದ್ನೇನು?” ಎಂದೆ.

“ಹೂಂ.”

“ಏನಂದ?”

“ಗಂಡ ಹೇಣ್ತಿ ಮಾತು ನಿನಗ್ಯಾಕಲೇ?” ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವ್ವ ನಕ್ಕಿದ್ದು. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು.

ಕನಸಿನ ದನಿಗಳೆಲ್ಲ ನಮ್ಮವೇ ಎಂದು ಜಿಲ್ಲೆಗೆಲ್ಲ ಸಾರಿದ ವಿಜ್ಞಾನದ ಮಾಸ್ತರನಿಗೆ ಬಾಯಿ ತಡೆಯಲಿಲ್ಲ.

“ಯವ್ವಾ, ನನ್ನ ಬಗ್ಗೆ ಏನರ ಕೇಳಿದ್ನೇನು?”

“ಇನ್ನೂ ಇಲ್ಲ” ಎಂದಳು. “ಉಣ್ಣು.”